ಅಂಚು ಬಿಟ್ಟು ಕತ್ತರಿಸಿದ ವಾರ

ಕಾರ್ನಿವಲ್ ಮುಗಿದು ಒಂಬತ್ತು ದಿನ.
ಒರುರೋದಲ್ಲಿ ಇನ್ನೂ ಮಿಣುಕು ಸಿಗುತ್ತದೆ,
ಚರಂಡಿಯಲ್ಲಿ, ನಾಯಿಯ ಬೆನ್ನ ಮೇಲೆ,
ನಿನ್ನೆ ರಾತ್ರಿ ನನ್ನ ಸೂಪಿನಲ್ಲೂ ಒಂದು.
ಈ ವರ್ಷ ನಲವತ್ತೊಂದು ಸೈತಾನರಿಗೆ ಹೊಲಿದೆ,
ಹನ್ನೆರಡು ಕರಡಿಗಳಿಗೆ, ಒಬ್ಬ ದೇವದೂತನಿಗೆ
(ಅವನೊಬ್ಬನೇ ಇನ್ನೂ ದುಡ್ಡು ಕೊಟ್ಟಿಲ್ಲ).

ಮಿಷನ್ನಿಗೆ ಮುಸುಕು ಹಾಕಿದ್ದೇನೆ.
ಮೇಜಿನ ಮೇಲೆ ಕಂದು ಕಾಗದ ಹಾಸಿ
ಸೀಮೆಸುಣ್ಣ ಹಿಡಿದು ಕೂತಿದ್ದೇನೆ.
ಒಂದು ವಾರ ರಜೆ, ಸೆವೇರೋ.
ಏಳು ಮೊಳ ಬಟ್ಟೆ ಅಂದುಕೋ.
ಮೂರು ಮೊಳ ಲಾ ಪಾಸಿಗೆ,
ಉಳಿದದ್ದು ಸಮುದ್ರಕ್ಕೆ.

ಅವನದು ಮಿನಿಬಸ್ ಓಡಿಸುವವನ ಲೆಕ್ಕ:
ಏಳಕ್ಕೆ ಕೆಂಪು ತಂತಿಬಂಡಿ, ಎಂಟೂವರೆಗೆ ಹಳದಿ,
ಹತ್ತಕ್ಕೆ ಸೋದರತ್ತೆ ಮಗನ ಗ್ಯಾರೇಜು,
ಮಧ್ಯಾಹ್ನ ಸ್ಟೇಡಿಯಮ್ಮು,
ಸಂಜೆ, ಹೇಗೂ ಬಂದಿದ್ದೇವಲ್ಲ, ಗೇರ್‌ಬಾಕ್ಸಿನ ಬಿಡಿಭಾಗ.
ಅವನು ಬರೆದಂತೆ ನಾನು ಅಂಗೈಯಲ್ಲಿ ಒರೆಸುತ್ತೇನೆ.
ಇಷ್ಟು ಬಿಗಿ ಹೊಲಿದರೆ
ಕೂತ ಕೂಡಲೇ ಹರಿಯುತ್ತದೆ, ಮಾರಾಯ.

ನನಗೆ ನಗರ ಬೇಕಾಗಿರುವುದು ಇಷ್ಟಕ್ಕೆ:
ಹತ್ತರವರೆಗೆ ನಿದ್ದೆ,
ಇನ್ನೊಬ್ಬರು ಕೊಡವಿ ಹಾಸಿದ ಹಾಸಿಗೆ,
ಮೂಲೆಯಂಗಡಿಯಲ್ಲಿ ನೇರಳೆ ಬಣ್ಣದ ಬಿಸಿ ಆಪಿ.
ಆಮೇಲೆ ಒಂದೇ ಒಂದು ತಂತಿಬಂಡಿ,
ಈ ತುದಿಯಿಂದ ಆ ತುದಿಗೆ, ಇಳಿಯದೆ ಮತ್ತೆ ಈ ತುದಿಗೆ,
ಕೆಳಗೆ ಊರಿಗೆ ಊರೇ ಒಣಹಾಕಿದ ಬಟ್ಟೆ ನೋಡುತ್ತಾ.
ಯಾರ ಲಂಗದ ಮಡಿಕೆ ಬಿಚ್ಚಿದೆ, ಯಾರದು ಕಳಚಿದೆ,
ನೋಡುವುದು, ಸುಮ್ಮನಿರುವುದು.
ಸುಮ್ಮನಿರುವುದನ್ನು ನಾನು ಅಭ್ಯಾಸ ಮಾಡಬೇಕು.

ಕಡಲಿಗೆ ಅರೀಕಾ ಅಂದೆ.
ಅವನ ಚಮಚ ಗಾಳಿಯಲ್ಲೇ ನಿಂತಿತು.

ಪ್ರತಿ ಮಾರ್ಚಿನಲ್ಲೂ ಶಾಲೆಯಿಂದ ನಾವಿಬ್ಬರೂ
ನೀಲಿ ಕಾಗದದ ದೋಣಿ ಹಿಡಿದು ಮೆರವಣಿಗೆ ಹೋದವರು,
ಒಂದು ದಿನವೂ ಕಾಣದ ಕಡಲಿಗೆ
ಬಿಸಿಲಲ್ಲಿ ನಿಂತು ಅತ್ತವರು.
'ನಮ್ಮ ಬಾವಿ ನೀರು ಮುಟ್ಟಲು
ನೆರೆಯವನ ಕೈಲಿ ಮುದ್ರೆ ಒತ್ತಿಸಿಕೊಳ್ಳಲೇ?'
'ಅರೀಕಾ ನಮ್ಮದಾಗಿರಲೇ ಇಲ್ಲ. ಪೆರುವಿನವರದು.'
'ಹಾಗಾದರೆ?'
'ಹಾಗಾದರೆ ಆ ಜಗಳ ಅವರದು. ನಾವು ಸ್ನಾನ ಮಾಡೋಣ.'

ಅವನು ನಗಲಿಲ್ಲ. ಎದ್ದು ಹೋಗಿ
ಬಸ್ಸಿನ ಟೈರು ಒದ್ದು ನೋಡಿ ಬಂದ.

ನಾನು ಕೈ ತೋರಿಸಿದೆ.
ಹತ್ತು ಬೆರಳಲ್ಲಿ ಸೂಜಿ ಕಾಣದ್ದು ಎರಡು ಮಾತ್ರ.
ಉಪ್ಪು ನಮ್ಮಲ್ಲಿ ಹಾಸಿ ಹೊದೆಯುವಷ್ಟಿದೆ,
ನೀರು ಅವರ ಕಡೆ ಉಳಿಯಿತು.
ಎರಡೂ ಕೂಡಿದ ಜಾಗದಲ್ಲಿ ಈ ಕೈಗಳನ್ನು
ಒಂದು ಗಂಟೆ ಅದ್ದಿ ಕೂರಬೇಕು.
ಉರಿದರೆ ಉರಿಯಲಿ.

ನಾಲ್ಕನೇ ದಿನ ಬಸ್ಸು. ಓಡಿಸುವವನು ಬೇರೆ;
ಕಿಟಕಿ ನಿನಗೆ, ಬ್ರೇಕಿನ ಬಗ್ಗೆ ಮಾತು ಬೇಡ.
ಸಾಹಾಮಾದ ಹಿಮ ಬಲಕ್ಕೋ ಎಡಕ್ಕೋ, ಆಗ ನೋಡೋಣ.
ಮೇಲೆ ಬಿರಡೆ ಬಿಗಿದ ಖಾಲಿ ಬಾಟಲಿ
ಇಳಿಯುತ್ತಾ ಇಳಿಯುತ್ತಾ ತಾನೇ ನಜ್ಜುಗುಜ್ಜಾಗುತ್ತದಂತೆ,
ಯಾರೂ ಹಿಂಡದೆ. ಪ್ರಿಮಿತೀವಾ ಹೇಳಿದಳು.
ಅವಳು ಹೋಗಿಬಂದವಳು,
ಮರಳು ಬಿಸಿ, ಮೀನು ತುಟ್ಟಿ, ಮೊದಲ ರಾತ್ರಿ
ಉಸಿರು ಎಷ್ಟು ಸಿಗುತ್ತದೆಂದರೆ ನಿದ್ದೆ ಬರುವುದಿಲ್ಲ ಅಂದಳು.

ಐದನೇ ದಿನ: ಲಿಸೇರಾ ದಂಡೆ.
ಆರನೇ ದಿನಕ್ಕೆ ಏನೂ ಬರೆದಿಲ್ಲ.
ಅವನು ಅಲ್ಲೇ ಬೆರಳಿಟ್ಟು ಕೇಳಿದ: ಇದು?
ಅದು ಹೊಲಿಗೆಗೆ ಬಿಟ್ಟ ಅಂಚು.
ಅದನ್ನು ಮುಟ್ಟಬೇಡ.

ಏಳನೆಯ ದಿನ ವಾಪಸು. ಅದರ ಮಾತು ಈಗ್ಯಾಕೆ.

ಸೈತಾನರ ಕೆಂಪು ಸ್ಯಾಟಿನ್ ಒಂದು ಮೊಳ ಮಿಕ್ಕಿತ್ತು.
ನೀರಿಗೆ ಆಗದ ಬಟ್ಟೆ, ಗೊತ್ತು. ಆದರೂ
ಅದರಲ್ಲೇ ಅವನಿಗೊಂದು ಈಜುಚಡ್ಡಿ ಹೊಲಿದು
ಕುರ್ಚಿಯ ಮೇಲೆ ಮಡಿಸಿಟ್ಟು ಮಲಗಿದೆ.

ನಡುರಾತ್ರಿ ಬಚ್ಚಲಲ್ಲಿ ದೀಪ.
ಕೋಟಿನ ಕೆಳಗೆ ಕೆಂಪು ಚಡ್ಡಿ, ಕಾಲಲ್ಲಿ ಉಣ್ಣೆಯ ಚೀಲ,
ಕನ್ನಡಿಯ ಮುಂದೆ, ಚಳಿಗೆ ನಡುಗುತ್ತಾ, ನನ್ನ ಗಂಡ.
'ಸೊಂಟ ಸ್ವಲ್ಪ ಬಿಗಿ' ಅಂದ, ತಿರುಗದೆ.
ಬಿಚ್ಚಿದರಾಯಿತು,
ಒಳಗೆ ಎರಡು ಬೆರಳು ಬಿಟ್ಟಿದ್ದೇನೆ.